ಎಮ್ಮೆ ಎದ್ದಾಗ ಉಳಿಯುವ ಗೆರೆ

ಐವತ್ತು ಹುಡುಗಿಯರು ಒಟ್ಟಿಗೆ ನಕ್ಕರೆ ನಮ್ಮ ಸ್ಕೂಲಿನ ಹಂಚಿನ ಮಾಡಿನಲ್ಲಿ ಕೂತಿದ್ದ ಪಾರಿವಾಳಗಳೆಲ್ಲ ಒಮ್ಮೆಗೇ ಹಾರುತ್ತಿದ್ದವು. ಮೊದಲು ನಗು, ಅದರ ಹಿಂದೆಯೇ ಪಟಪಟ ರೆಕ್ಕೆ, ಆಮೇಲೆ ಮೇಲಿನಿಂದ ಸಣ್ಣಗೆ ಉದುರುವ ಧೂಳು. ಹೊಳೆನರಸೀಪುರದ ಆ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಜಿಯಾಗ್ರಫಿ ಪಾಠ ಮಾಡಿದ ಅಷ್ಟೂ ವರ್ಷ ಆ ಸದ್ದನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಈಗ ಕಿವಿಯಲ್ಲಿ ಉಳಿದಿರುವುದು ಒಂದೇ ದಿನದ್ದು. ಆ ದಿನದ ನಗುವನ್ನು ಶುರು ಮಾಡಿಕೊಟ್ಟವಳು ನಾನೇ.

ಅದು ಇನ್‌ಸ್ಪೆಕ್ಷನ್ ದಿನ. ಇನ್‌ಸ್ಪೆಕ್ಟರ್ ಸಾಹೇಬರು ಹಿಂದಿನ ಬೆಂಚಿನಲ್ಲಿ, ಹುಡುಗಿಯರ ಚಿಕ್ಕ ಡೆಸ್ಕಿನೊಳಗೆ ಮಂಡಿ ತೂರಿಸಲಾಗದೆ ಅಡ್ಡಡ್ಡಲಾಗಿ ಕೂತಿದ್ದರು. ಪಾಠ: ಸಮುದ್ರ ತೀರದ ಭೂಸ್ವರೂಪಗಳು. ತರಗತಿಯಲ್ಲಿ ಸಮುದ್ರ ನೋಡಿದವರು ಒಬ್ಬರೂ ಇಲ್ಲ. ಘಟ್ಟ ಇಳಿದರೆ ಕಡಲು, ಆದರೆ ಹಳ್ಳಿಮೈಸೂರು ಕಡೆಯಿಂದ ಬುತ್ತಿ ಕಟ್ಟಿಕೊಂಡು ನಡೆದು, ಬಸ್ಸು ಹತ್ತಿ ಬರುವ ಮಕ್ಕಳಿಗೆ ಹಾಸನವೇ ದೂರದ ಊರು. ಅದಕ್ಕೆಂದು ನಾನೊಂದು ಉಪಾಯ ಕಂಡುಕೊಂಡಿದ್ದೆ, ಅದರ ಬಗ್ಗೆ ನನಗೆ ಸಿಕ್ಕಾಪಟ್ಟೆ ಜಂಬವೂ ಇತ್ತು. ಸಮುದ್ರ ಬೇಡ, ಕೆರೆ ತಗೊಳ್ಳಿ. ಬೇಸಿಗೆಯಲ್ಲಿ ಕೆರೆ ಇಳಿಯುತ್ತದಲ್ಲ, ಆಗ ಏರಿಯ ಕಲ್ಲಿನ ಮೇಲೆ ಒಂದರ ಕೆಳಗೊಂದು ಗೆರೆ ಉಳಿಯುತ್ತದಲ್ಲ, ಹಾಗೆಯೇ ಸಮುದ್ರವೂ ಇಳಿದಾಗ ಹಳೆಯ ದಡವನ್ನು ಮೇಲೆ ಬಿಟ್ಟುಹೋಗುತ್ತದೆ. ಅದೇ ರೈಸ್ಡ್ ಬೀಚ್, ಎತ್ತರಿಸಿದ ಕಡಲತೀರ. ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಕೆರೆ ಏರಿ, ಗೆರೆ, ಪಕ್ಕದಲ್ಲಿ ಸಮುದ್ರ, ಗೆರೆ. ಸಾಹೇಬರು ತಲೆದೂಗಿದ್ದು ಕಂಡಿತು. ವೆರಿ ಗುಡ್ ಅಂತ ನನಗೆ ನಾನೇ ಹೇಳಿಕೊಂಡೆ.

ಆಗ ಮೂರನೇ ಸಾಲಿನ ತುದಿಯಿಂದ ಒಂದು ಕೈ ಮೇಲೆದ್ದಿತು.

"ಮಿಸ್, ನೀರೇ ಯಾಕ್ ಮಿಸ್ ಇಳೀಬೇಕು?"

"ಅಂದರೆ?"

"ನೀರು ಇದ್ದಂಗೇ ಇದ್ದು, ಎಮ್ಮೆ ಎದ್ರೆ? ಆವಾಗ್ಲೂ ಗೆರೆ ಮ್ಯಾಲೇ ಓಯ್ತದಲ್ಲ."

ಆ ಹುಡುಗಿ ಹಳ್ಳಿಯವಳು, ಮನೆಯಲ್ಲಿ ಎಮ್ಮೆ ಕಟ್ಟಿದ್ದವರು. ರಜೆಯ ದಿನ ಕೆರೆಯಲ್ಲಿ ಎಮ್ಮೆ ಮೈ ತೊಳೆಯುವುದು ಅವಳ ಕೆಲಸ. ಅವಳ ಕಣ್ಣೆದುರು ಇದ್ದದ್ದು ನೀರಿನಲ್ಲಿ ಅರ್ಧ ಮುಳುಗಿ ಮಲಗಿದ ಎಮ್ಮೆ. ಬೆನ್ನು ಒಣಗಿ, ಕೆಳಗೆ ಒದ್ದೆ, ನಡುವೆ ನೀರಿನ ಗೆರೆ. ಎಮ್ಮೆ ಎದ್ದು ನಿಂತರೆ ಆ ಗೆರೆ ನೀರಿಗಿಂತ ಒಂದು ಮೊಳ ಮೇಲೆ. ಕೆರೆಯ ನೀರು ಒಂದಂಗುಲವೂ ಇಳಿದಿಲ್ಲ. ಇಷ್ಟೇ ಅವಳ ಪ್ರಶ್ನೆ. ಇವತ್ತು ಬರೆಯುವಾಗ ಎಷ್ಟು ಸಲೀಸಾಗಿ ಅರ್ಥವಾಗುತ್ತದೆ.

ಅವತ್ತು ನನ್ನ ಕಿವಿಗೆ ಬಿದ್ದದ್ದು ಒಂದೇ, ಎಮ್ಮೆ. ಇನ್‌ಸ್ಪೆಕ್ಟರ್ ಎದುರಿಗೆ, ಬಣ್ಣದ ಸೀಮೆಸುಣ್ಣದ ನನ್ನ ಸಮುದ್ರದೊಳಗೆ, ಎಮ್ಮೆ.

"ನೆಲ ಅಂದರೆ ನಿಮ್ಮನೆ ಎಮ್ಮೆ ಅಂದುಕೊಂಡೆಯಾ, ಬೇಕಾದಾಗ ಏಳೋದಕ್ಕೆ? ಸಿಟ್ ಡೌನ್," ಎಂದೆ. ಅಷ್ಟಕ್ಕೇ ಬಿಡಬಹುದಿತ್ತು. ಸಾಹೇಬರ ತುಟಿಯಲ್ಲಿ ನಗು ಕಂಡು ಇನ್ನೊಂದು ಸೇರಿಸಿದೆ: "ಏಷ್ಯಾ ಖಂಡ ಎದ್ದು ಮೈ ಕೊಡವಿದರೆ ನನಗೊಂದು ಮಾತು ಹೇಳು."

ಐವತ್ತು ಹುಡುಗಿಯರು ನಕ್ಕರು. ಪಾರಿವಾಳಗಳು ಹಾರಿದವು. ಅವಳು ಕೂತಳು. ಕೂತವಳು ಬಾಯಿ ಅರ್ಧ ತೆರೆದೇ ಇದ್ದಳು. ಇನ್ನೂ ಏನೋ ಕೇಳುವುದಿತ್ತು ಅಂತ ನನಗೆ ಆಗಲೇ ಗೊತ್ತಾಗಿತ್ತು. ಬೋರ್ಡಿನ ಕಡೆ ತಿರುಗಿಕೊಂಡೆ.

ಮಧ್ಯಾಹ್ನ ಊಟದ ಬೆಲ್ಲಿಗೆ ಮುಂಚೆಯೇ ಅವಳ ಹೆಸರು ಎಮ್ಮೆ ಎಂದಾಗಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಹೋಗುವವರೆಗೂ ಅದೇ ಹೆಸರು. ನನ್ನ ಕ್ಲಾಸಿನಲ್ಲಿ ಆ ಕೈ ಮತ್ತೆ ಮೇಲೇಳಲಿಲ್ಲ.

ಇದನ್ನು ಬರೆಯುವಾಗ ನನ್ನ ಪರವಾಗಿ ಒಂದು ಮಾತು ಹೇಳಿಕೊಳ್ಳೋಣ ಅನಿಸುತ್ತದೆ. ಟೆಕ್ಸ್ಟ್‌ಬುಕ್ಕಿನಲ್ಲಿ, ಆ ಪುಟದ ಕೆಳಗೇ, ಒಂದು ಸಾಲಿತ್ತು: ಭೂಚಲನೆಯಿಂದ ನೆಲ ಮೇಲೇರಿದಾಗಲೂ ಇಂಥ ತೀರಗಳು ಉಂಟಾಗುತ್ತವೆ. ಅದನ್ನು ನಾನು ಓದಿರಲಿಲ್ಲ ಅಂತಲ್ಲ. ಓದಿದ್ದೆ, ಬಿ.ಎ.ಯಲ್ಲಿ ಬರೆದು ಪಾಸೂ ಆಗಿದ್ದೆ. ಆದರೆ ಹುಡುಗಿಯರಿಗೆ "ಇದು ಇಂಪಾರ್ಟೆಂಟ್ ಅಲ್ಲ, ಬಿಟ್ಟುಬಿಡಿ" ಎಂದು ಅಡ್ಡಗೆರೆ ಎಳೆಸುತ್ತಿದ್ದೆ. ಯಾಕೆಂದರೆ ನನಗೇ ಅದು ಒಳಗೆ ಇಳಿದಿರಲಿಲ್ಲ. ನಾವು ಕೆರೆಯ ಪಕ್ಕದ ಜನ. ನಮ್ಮ ಪಾಲಿಗೆ ನೀರು ಬರುತ್ತದೆ, ಹೋಗುತ್ತದೆ, ತುಂಬುತ್ತದೆ, ಬತ್ತುತ್ತದೆ. ನೆಲ ಮಾತ್ರ ಇದ್ದಲ್ಲೇ ಇರುತ್ತದೆ. ಹಾಸನದ ಕಾನ್ವೆಂಟಿನಲ್ಲಿ ನಮಗೆ ಪಾಠ ಹೇಳಿದ ಸಿಸ್ಟರ್ ಕೂಡ ಶೂ ಕಾಲಿನಿಂದ ನೆಲ ತಟ್ಟಿ ಹೇಳುತ್ತಿದ್ದರು: "ಟೆರಾ ಫರ್ಮಾ, ಚಿಲ್ಡ್ರನ್! ದ ವಾಟರ್ ಗೋಸ್, ದ ಲ್ಯಾಂಡ್ ಸ್ಟೇಸ್." ಆ ಶೂ ಸದ್ದು ನನ್ನಲ್ಲಿ ಗಟ್ಟಿಯಾಗಿ ಕೂತಿತ್ತು, ಪುಸ್ತಕದ ಸಾಲಿಗಿಂತ ಗಟ್ಟಿಯಾಗಿ.

ಇರಲಿ. ಪರವಾಗಿ ಹೇಳಿಕೊಂಡದ್ದಾಯಿತು. ಹೇಳಿಕೊಂಡರೂ ಅದು ತಪ್ಪೇ.

ರಿಟೈರ್ ಆಗಿ ಎಷ್ಟೋ ವರ್ಷವಾದ ಮೇಲೆ, ಮೂರು ವರ್ಷದ ಹಿಂದೆ, ನಾವೊಂದಷ್ಟು ನಿವೃತ್ತ ಟೀಚರುಗಳು ಸೇರಿ ಅಂಡಮಾನಿಗೆ ಟೂರ್ ಹೋದೆವು. ನನ್ನನ್ನು ಎಳೆದುಕೊಂಡು ಹೋದವಳು ನಮ್ಮ ಪಿ.ಟಿ. ಮಿಸ್. ಅರಕಲಗೂಡು ಕಡೆಯ ಒಕ್ಕಲು ಮನೆತನದವಳು, ಎಪ್ಪತ್ತರ ಮೇಲೂ ಬೆನ್ನು ನೆಟ್ಟಗೆ, ಗಂಟಲು ಈಗಲೂ ಗ್ರೌಂಡಿನ ಆ ತುದಿಗೆ ಕೇಳುವಂಥದ್ದು. ಎಲ್ಲರೂ ಜೈಲು, ಬೀಚು ಅಂತ ಊರಲ್ಲೇ ಸುತ್ತುತ್ತಿದ್ದರೆ, ನಾವಿಬ್ಬರು ಜೊತೆಗಿನ ಇನ್ನಿಬ್ಬರನ್ನು ಕಟ್ಟಿಕೊಂಡು ಉತ್ತರದ ದ್ವೀಪದವರೆಗೂ ಹೋದೆವು. ಅಲ್ಲಿ ದೋಣಿಯವನೊಬ್ಬ ನಮ್ಮನ್ನು ದಡದುದ್ದಕ್ಕೂ ಕರೆದೊಯ್ಯುವಾಗ, ನೀರಿನಿಂದ ಆಚೆಗೆ, ಬಿಸಿಲಿನಲ್ಲಿ, ಬೂದು ಬಣ್ಣದ ದೊಡ್ಡ ಹಾಸು ಕಂಡಿತು. ಹತ್ತಿರ ಹೋದರೆ ಹವಳ. ಸತ್ತ ಹವಳ. ಹೂಕೋಸಿನಂಥ ಗಡ್ಡೆಗಳು, ಮಿದುಳಿನಂಥ ಗೆರೆಗಳು, ಎಲ್ಲ ಒಣಗಿ ಕಲ್ಲು. ಹವಳ ನೀರಿನೊಳಗೆ ಬದುಕುವ ಜೀವ. ಇಲ್ಲಿ ನೀರಿಗಿಂತ ಎಷ್ಟೋ ಮೇಲೆ ನಿಂತಿತ್ತು.

"ಇಲ್ಲಿ ಸಮುದ್ರ ಇಳಿದು ಹೋಯಿತಾ?" ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ನೋಡಿ, ಆಗಲೂ ಕೇಳಿದ್ದು ಹಾಗೆಯೇ.

ದೋಣಿಯವನು ತಲೆಯಾಡಿಸಿದ. "ಸಮಂದರ್ ನಹೀ ಗಯಾ, ಮಾಜೀ. ಜಮೀನ್ ಉಠ್ ಗಯೀ." ಕಡಲು ಹೋಗಲಿಲ್ಲ, ನೆಲವೇ ಎದ್ದಿತು ಅಂತ.

ಆ ದೊಡ್ಡ ಸುನಾಮಿಯ ದಿನ ಭೂಮಿ ನಡುಗಿತಂತೆ. ಅದಕ್ಕೆ ಹಿಂದಿನ ದಿನ ದೋಣಿಯ ತಳದಡಿಯಲ್ಲಿ ಕಾಣುತ್ತಿದ್ದ ಹವಳದ ಹಾಸು, ನಡುಕ ನಿಂತ ಮೇಲೆ ನೋಡಿದರೆ ಹೊರಗೆ ಬಂದು ಕೂತಿತ್ತಂತೆ. ತೆಂಕಣದ ದ್ವೀಪಗಳಲ್ಲಿ ಇದಕ್ಕೆ ತದ್ವಿರುದ್ಧ, ಅಲ್ಲಿ ತೋಟ, ದಾರಿ, ದೀಪಸ್ತಂಭದ ಬುಡ ಎಲ್ಲ ನೀರೊಳಗೆ ಕುಸಿದವಂತೆ. ಹೇಳುತ್ತಾ ಅವನು ಒಂದು ಅಂಗೈ ಎತ್ತಿ ಇನ್ನೊಂದು ಅಂಗೈ ತಗ್ಗಿಸಿ ತೋರಿಸಿದ. ಆಮೇಲೆ ದೋಣಿಯ ಅಂಚಿನಿಂದ ಬಗ್ಗಿ ನೀರಿನೊಳಗೆ ಬೆರಳು ಮಾಡಿದ. ಕೆಳಗೆ, ಹೊಸ ಮಟ್ಟದಲ್ಲಿ, ಹೊಸ ಹವಳ ಬೆಳೆಯುತ್ತಿತ್ತು. ನೇರಳೆ, ಹಸಿರು, ಸಣ್ಣ ಸಣ್ಣ ಗುಂಡಿಗಳಂತೆ. ಹಳೆಯದು ಮೇಲೆ ಉಳಿದರೇನು, ತನಗೆ ಬೇಕಾದ ನೀರಿನ ಮಟ್ಟ ಹುಡುಕಿಕೊಂಡು ಜೀವ ಮತ್ತೆ ಶುರು ಮಾಡಿಕೊಂಡಿತ್ತು. ಹೌ ಬ್ಯೂಟಿಫುಲ್ ಅಂದುಕೊಂಡೆ. ದೋಣಿಯಿಂದ ಇಳಿದು ಆ ಸತ್ತ ಹವಳದ ಹಾಸಿನ ಮೇಲೆ ಕಾಲಿಟ್ಟ ಗಳಿಗೆಗೇ ನನ್ನ ಕಿವಿಯಲ್ಲಿ ಸ್ಪಷ್ಟವಾಗಿ ಕೇಳಿತು: ನೀರು ಇದ್ದಂಗೇ ಇದ್ದು, ಎಮ್ಮೆ ಎದ್ರೆ?

ನಾನು ಅಲ್ಲೇ ಕೂತುಬಿಟ್ಟೆ. ಪಿ.ಟಿ. ಮಿಸ್ ಗಾಬರಿಯಾಗಿ ನೀರಿನ ಬಾಟಲು ತೆಗೆದಳು.

"ಏನಾಯ್ತೇ? ಬೀಪೀನಾ?"

"ಎಮ್ಮೆ ಎದ್ದುಬಿಟ್ಟಿದೆ ಕಣೇ," ಅಂದೆ.

"ತಲೆ ಕೆಟ್ಟೋಯ್ತು ಇವಳಿಗೆ. ಬಿಸಿಲು," ಅಂತ ಉಳಿದಿಬ್ಬರಿಗೆ ಹೇಳಿದಳು.

ರಾತ್ರಿಯ ಊಟಕ್ಕೆ ಮುಂಚೆ ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳಿಗೂ ಆ ಹುಡುಗಿ ನೆನಪಿದ್ದಳು, ಖೋಖೋದಲ್ಲಿ ಚೆನ್ನಾಗಿ ಓಡುತ್ತಿದ್ದಳಂತೆ. "ಅವಳನ್ನು ಹುಡುಕಬೇಕು. ನೀನು ಹೇಳಿದ್ದೇ ಸರಿ ಅಂತ ನನ್ನ ಬಾಯಿಂದ ಹೇಳಬೇಕು," ಎಂದೆ.

"ಮೂವತ್ತು ವರ್ಷದ ಮೇಲೆ ಸಾರಿ ಕೇಳಕ್ಕೆ ಓಯ್ತಾಳಂತೆ ಮಹರಾಯ್ತಿ. ಅವಳಿಗೆ ಮೊಮ್ಮಕ್ಕಳಾಗಿರ್ತವೆ ಕಣೇ."

"ಆಗಿರಲಿ. ಅವಳು ಈಗಲೂ ತನ್ನದೇ ತಪ್ಪು ಅಂದುಕೊಂಡಿದ್ದರೆ?"

ಊರಿಗೆ ಬಂದ ಮೇಲೆ ಹುಡುಕಾಟಕ್ಕೆ ಮೊದಲು ನಿಂತವಳು ಪಿ.ಟಿ. ಮಿಸ್ಸೇ.

ಹುಡುಕುವಾಗ ಗೊತ್ತಾದದ್ದು ನಾನು ಮಾಡಿದ ಅನ್ಯಾಯದ ಅಳತೆ. ನನಗಾಗಲಿ ಪಿ.ಟಿ. ಮಿಸ್ಸಿಗಾಗಲಿ ಆ ಹುಡುಗಿಯ ಹೆಸರು ನೆನಪಿರಲಿಲ್ಲ. ಸ್ಕೂಲಿನ ಹಳೆಯ ಹುಡುಗಿಯರದ್ದೊಂದು ವಾಟ್ಸಾಪ್ ಗ್ರೂಪಿದೆ, ಅಲ್ಲಿ ಅವಳ ಬ್ಯಾಚಿನವರನ್ನು ವಿಚಾರಿಸಿದೆ. "ಖೋಖೋ ಆಡ್ತಿದ್ದಳಲ್ಲ, ಹಳ್ಳಿಮೈಸೂರು ಕಡೆಯಿಂದ ಬರ್ತಿದ್ದಳು" ಎಂದು ಬರೆದೆ. ಒಂದರ ಹಿಂದೊಂದು ಉತ್ತರ ಬಂದವು. ‘ಓ, ಎಮ್ಮೆನಾ ಮಿಸ್?’ ‘ಎಮ್ಮೆ ಅಲ್ವಾ!’ ಜೊತೆಗೆ ಕಣ್ಣಲ್ಲಿ ನೀರು ಬರುವಂತೆ ನಗುವ ಆ ಹಳದಿ ಮುಖಗಳು. ಸರಿಯಾದ ಹೆಸರು ಯಾರೊಬ್ಬರಿಗೂ ನೆನಪಿಲ್ಲ. ಒಳ್ಳೆಯ ಹೆಂಗಸರೇ ಎಲ್ಲ, ಯಾರಿಗೂ ಕೆಟ್ಟ ಮನಸ್ಸಿಲ್ಲ. ಆದರೆ ಅವಳ ಹೆಸರನ್ನು ನಾವೆಲ್ಲ ಸೇರಿ ಮುಳುಗಿಸಿಬಿಟ್ಟಿದ್ದೆವು. ಕೊನೆಗೆ ಒಬ್ಬಳು ಬರೆದಳು: ‘ಚನ್ನರಾಯಪಟ್ಟಣದ ಕಡೆಗೆ ಕೊಟ್ಟರು ಮಿಸ್. ಹಿರೀಸಾವೆ ಹತ್ರ ಹೈವೇನಲ್ಲಿ ಹೋಟ್ಲು ಮಡಗವ್ರೆ ಅಂತ ಕೇಳಿದ್ದೆ.’

ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ನಾನೂ ಪಿ.ಟಿ. ಮಿಸ್ಸೂ ಆಧಾರ್ ಕಾರ್ಡು ಹಿಡಿದುಕೊಂಡು ಎಲ್ಲೆಂದರಲ್ಲಿ ಓಡಾಡುವುದು ರೂಢಿಯಾಗಿತ್ತು. ಒಂದು ಬೆಳಿಗ್ಗೆ ಹಾಸನದಿಂದ ಹೊರಟು, ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ, ಹಿರೀಸಾವೆಯಲ್ಲಿ ಇಳಿದೆವು. ಅಲ್ಲಿ ರಸ್ತೆಯುದ್ದಕ್ಕೂ ಹೋಟೆಲುಗಳೇ. ಮೊದಲೆರಡು ಕಡೆ ಬರೀ ಗಂಡಸರು. ಮೂರನೆಯದರಲ್ಲಿ ಗಲ್ಲಾದ ಹಿಂದೆ ಒಬ್ಬ ಗಟ್ಟಿಮುಟ್ಟಾದ ಹೆಂಗಸು, ಕೂದಲಲ್ಲಿ ಆಗಲೇ ಬಿಳಿ ಎಳೆ, ಒಳಗಿನವರಿಗೆ "ಏ, ಎರಡನೇ ಟೇಬಲ್‌ಗೆ ಮುದ್ದೆ ಹೇಳಿ ಯಾವ ಕಾಲ ಆಯ್ತು!" ಎಂದು ಕೂಗುತ್ತಿದ್ದವಳು, ನಮ್ಮ ಕಡೆ ತಿರುಗಿದಳು. ಆಮೇಲೆ, ನೀವು ನಂಬುವುದಿಲ್ಲ, ಎದ್ದು ಅಟೆನ್ಷನ್ನಿನಲ್ಲಿ ನಿಂತಳು.

"ಗುಡ್ ಮಾರ್ನಿಂಗ್ ಮಿಸ್."

ಊಟದ ಹೊತ್ತು ಮೀರಿತ್ತು. ಪಿ.ಟಿ. ಮಿಸ್ "ಅಟ್ ಈಸ್!" ಎಂದು ಗುಡುಗಿದಳು, ಹೋಟೆಲಿನವರೆಲ್ಲ ತಿರುಗಿ ನೋಡಿದರು.

ಅವಳು ನಮ್ಮನ್ನು ಒಳಗಿನ ಟೇಬಲ್ಲಿಗೆ ಕರೆದೊಯ್ದು ತಾನೇ ಎಲೆ ಹಾಕಿ ಉಪ್ಪಿನಕಾಯಿ ಬಡಿಸಿದಳು. ನಾನು ಊಟಕ್ಕೆ ಮುಂಚೆಯೇ ಹೇಳಬೇಕೆಂದು ದಾರಿಯುದ್ದಕ್ಕೂ ಸೆಂಟೆನ್ಸು ಜೋಡಿಸಿಕೊಂಡಿದ್ದೆ. ಅದರಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ನೀನು ಅವತ್ತು ಕೇಳಿದ್ದು ಸರಿಯಾಗಿತ್ತು ಕಣಮ್ಮ. ಎಮ್ಮೆ ಏಳುತ್ತದೆ. ನಾನು ಕಣ್ಣಾರೆ ನೋಡಿಕೊಂಡು ಬಂದೆ," ಎಂದಷ್ಟೇ ಅಂದೆ.

ಯಾವತ್ತು, ಏನು ಕೇಳಿದ್ದು ಅಂತ ಅವಳು ಕೇಳಲಿಲ್ಲ. ಅವಳೂ ಮರೆತಿಲ್ಲ ಎಂದು ಅದರಿಂದಲೇ ನನಗೆ ಗೊತ್ತಾಯಿತು.

"ನಿಮಗೆ ನೆಪ್ಪಿದ್ಯಾ ಮಿಸ್," ಎಂದಳು.

"ತುಂಬಾ ಬೇಜಾರಾಗಿತ್ತಾ?"

"ಸುಳ್ಳ್ಯಾಕ್ ಏಳ್ಲಿ, ಆಗಿತ್ತು. ಭಾನುವಾರ ಎಮ್ಮೆ ಒಡ್ಕೊಂಡ್ ಓಗು ಅಂದ್ರೆ ಅವ್ವನ ತಾವ ಜಗಳ ಆಡ್ತಿದ್ದೆ. ಎಮ್ಮೆ ಮೇಲೂ ಕೋಪ. ಪಾಪ, ಅದೇನ್ ಮಾಡಿತ್ತು." ನಕ್ಕಳು. "ಮುಂದೆ ಓದ್ಲಿಲ್ಲ, ಅದ್ಕೆ ನೀವು ಕಾರಣ ಅಲ್ಲ ಬುಡಿ. ಅಪ್ಪ ಮದ್ವೆ ಮಾಡ್ಬುಟ್ರು. ಆದ್ರೆ ಒಂದು ಮಾತು ಮಿಸ್. ಅವತ್ತು ನಾನು ಕೇಳ್ಬೇಕಿದ್ದಿದ್ದು ಎರಡಿತ್ತು. ಒಂದೇ ಕೇಳಿದ್ದು."

"ಎರಡನೆಯದು ಏನಿತ್ತು?"

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. ಮೂವತ್ತು ವರ್ಷ ಇಟ್ಟುಕೊಂಡಿದ್ದ ಪ್ರಶ್ನೆ ಅದು, ತುಂಬಾ ಮೆಲ್ಲಗೆ ಕೇಳಿದಳು: "ನಮ್ಮ ಎಮ್ಮೆ ಏಳೋದು ಒಟ್ಟೆ ಅಸ್ಕೊಂಡು. ನೆಲ ಯಾಕ್ ಏಳ್ತದೆ ಮಿಸ್?"

ನಾನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡೆ. ಪಿ.ಟಿ. ಮಿಸ್ ನನ್ನ ಕಾಲನ್ನು ಟೇಬಲ್ಲಿನ ಕೆಳಗೆ ಒದ್ದಳು. "ಪಾಠ ಮಾಡೇ. ಅಳೋದು ಆಮೇಲೆ ಇಟ್ಕೋ."

ಹಾಕಿದ್ದ ಎರಡು ಎಲೆಗಳನ್ನೇ ತೆಗೆದುಕೊಂಡೆ. ಒಂದರ ಅಂಚಿನ ಕೆಳಗೆ ಇನ್ನೊಂದರ ಅಂಚು ತೂರಿಸಿ ಮೆಲ್ಲಗೆ ತಳ್ಳಿದೆ. ಭೂಮಿಯ ಮೇಲ್ಪದರ ಹೀಗೆ ತುಂಡು ತುಂಡಾಗಿದೆ, ಒಂದು ಇನ್ನೊಂದರ ಕೆಳಗೆ ನುಗ್ಗುತ್ತಿರುತ್ತದೆ ಎಂದು ವಿವರಿಸಿದೆ. ಉಗುರು ಬೆಳೆಯುವಷ್ಟು ನಿಧಾನ. ಮೇಲಿನದರ ಅಂಚು ಸಿಕ್ಕಿಕೊಂಡು ಕೆಳಗೆ ಬಾಗುತ್ತಾ ಹೋಗುತ್ತದೆ, ವರ್ಷಗಟ್ಟಲೆ, ತಲೆಮಾರುಗಟ್ಟಲೆ. ಎಲೆ ಬಾಗಿತು, ಬಾಗಿತು, ಆಮೇಲೆ ಬಿಡಿಸಿಕೊಂಡು ಪಟ್ಟನೆ ಚಿಮ್ಮಿತು. ಎಲೆಯ ಮೇಲಿದ್ದ ಉಪ್ಪಿನಕಾಯಿ ಪಿ.ಟಿ. ಮಿಸ್ಸಿನ ಸೀರೆಗೆ.

"ಭೂಕಂಪ ಅಂದ್ರೆ ಇದೇ," ಅಂದಳು ಅವಳು, ಸೀರೆ ಕೊಡವುತ್ತಾ.

"ಇನ್ನೊಂದು ರೀತಿಯೂ ಇದೆ," ಎಂದೆ. ನನಗೆ ಹುರುಪು ಬಂದಿತ್ತು. "ತಣ್ಣನೆಯ ದೇಶಗಳಲ್ಲಿ ಒಂದು ಕಾಲಕ್ಕೆ ಬೆಟ್ಟದಷ್ಟು ದಪ್ಪ ಮಂಜುಗಡ್ಡೆ ನೆಲದ ಮೇಲೆ ಕೂತಿತ್ತು. ಆ ಭಾರಕ್ಕೆ ನೆಲವೇ ತಗ್ಗಿತ್ತು. ಮಂಜು ಕರಗಿ ಹೋಯಿತು, ನೆಲ ಇವತ್ತಿಗೂ ಮೆಲ್ಲಮೆಲ್ಲಗೆ ಏಳುತ್ತಲೇ ಇದೆ. ಸ್ಪಂಜಿನ ಕುರ್ಚಿಯಿಂದ ದಪ್ಪನೆಯವರು ಎದ್ದರೆ ಸೀಟು ಮೇಲೆ ಬರುತ್ತದಲ್ಲ, ಹಾಗೆ. ಕರಗಿದ ನೀರೆಲ್ಲ ಸಮುದ್ರಕ್ಕೆ ಸೇರಿ ಕಡಲೂ ಏರಿತು. ಈಗಲೂ ಏರುತ್ತಿದೆ."

"ಅಂದ್ರೆ ಕೆರೇನೂ ತುಂಬ್ತಾ ಐತೆ, ಎಮ್ಮೇನೂ ಏಳ್ತಾ ಐತೆ."

"ಎಗ್ಸಾಕ್ಟ್ಲಿ. ಎರಡೂ ಒಟ್ಟಿಗೆ. ಯಾವುದು ಎಲ್ಲಿ ಹೆಚ್ಚೋ, ದಡ ಅಲ್ಲಿ ಹಾಗೆ."

ಅವಳು ಎಲೆಯ ಅಂಚಿನ ಮೇಲೆ ಬೆರಳಾಡಿಸಿದಳು. "ಅಂಗಾರೆ ಮಿಸ್, ದಡದಾಗೆ ಒಂದು ಗೆರೆ ಮಾತ್ರ ಕಂಡ್ರೆ, ನೀರಿಳೀತೋ ನೆಲ ಎದ್ತೋ ಅಂತ ಎಂಗೆ ಗೊತ್ತಾಗೋದು?"

ನನಗೆ ಗೊತ್ತಿತ್ತು, ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಕೈಯೆತ್ತಿ ತಡೆದಳು. "ತಡೀರಿ, ತಡೀರಿ. ಕೆರೆ ಇಳಿದ್ರೆ ಗೆರೆ ಸುತ್ತಾ ಒಂದೇ ಮಟ್ಟ ಇರ್ತದೆ. ಎಮ್ಮೆ ಅಂಗಲ್ಲ. ಎಮ್ಮೆ ಮೊದ್ಲು ಇಂದ್ಗಡೆ ಕಾಲು ಎತ್ತುತದೆ. ಮುಂದ್ಗಡೆ ಇನ್ನೂ ಮಂಡಿ ಊರ್ಕೊಂಡಿರ್ತದೆ, ಮೂತಿ ನೀರಾಗೆ. ಆವಾಗ ಗೆರೆ ಓರೆ ಆಯ್ತದೆ! ಗೆರೆ ಓರೆ ಇದ್ರೆ ಎಮ್ಮೆ, ಮಟ್ಟ ಇದ್ರೆ ನೀರು."

ಅಂಡಮಾನಿನ ದೋಣಿಯವನ ಎರಡು ಅಂಗೈ ನನ್ನ ಕಣ್ಣಿಗೆ ಬಂದವು. ಉತ್ತರ ಎದ್ದಿತ್ತು, ತೆಂಕಣ ಮುಳುಗಿತ್ತು. ಅದನ್ನು ಹೇಳಿದೆ. ಅವಳು ಟೇಬಲ್ಲು ತಟ್ಟಿದಳು. "ನೋಡಿ ಮತ್ತೆ! ನಿಮ್ಮ ದ್ವೀಪಾನೂ ಇಂದ್ಗಡೆಯಿಂದ್ಲೇ ಎದ್ದದೆ."

ಭೂಮಿಯನ್ನು ಓದುವ ದೊಡ್ಡ ಪಂಡಿತರು ಹಳೆಯ ದಡದ ಗೆರೆ ಓರೆಯಾಗಿದೆಯೇ ಎಂದು ಮೈಲುಗಟ್ಟಲೆ ಅಳೆದು ಹೇಳುವ ಮಾತನ್ನು ಅವಳು ಗಲ್ಲಾ ಬಿಟ್ಟು ಬಂದು, ಎಲೆಯ ಮುಂದೆ ಕೂತು ಹೇಳಿದಳು. ನನ್ನ ಇಡೀ ಸರ್ವಿಸ್ಸಿನಲ್ಲಿ ಅಷ್ಟು ಒಳ್ಳೆಯ ಉತ್ತರ ನನಗೆ ಯಾರೂ ಕೊಟ್ಟಿರಲಿಲ್ಲ. ಹಾಗೆಂದೇ ಅವಳಿಗೆ ಹೇಳಿದೆ. ಮತ್ತೆ, ಕೇಳಲೇಬೇಕಾಗಿದ್ದನ್ನು ಕೇಳಿದೆ: "ನಿನ್ನ ಹೆಸರೇನಮ್ಮ? ನನಗೆ ಮರೆತುಹೋಗಿದೆ."

ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಈಗ ನನಗೆ ಗೊತ್ತಿದೆ. ವಾಪಸ್ಸು ಬಸ್ಸಿನಲ್ಲಿ ಕೂತ ಕೂಡಲೇ ವಾಟ್ಸಾಪ್ ಗ್ರೂಪಿನಲ್ಲಿ ಆ ಹೆಸರು ಬರೆದೆ, ಕೆಳಗೆ ನಡೆದದ್ದನ್ನೆಲ್ಲ ಬರೆದೆ, ನನ್ನ ಮಾತನ್ನೂ ಬಿಡದೆ. ಆಮೇಲೆ ಒಬ್ಬೊಬ್ಬರಾಗಿ ಬರೀ ಅವಳ ಹೆಸರು ಬರೆದರು. ಬೇರೇನಿಲ್ಲ, ಹೆಸರು.

ಅವತ್ತು ಹೋಟೆಲಿನಿಂದ ಹೊರಡುವಾಗ ನಾನು ಸಾರಿ ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟು: "ಸಾರಿಗೀರಿ ಬ್ಯಾಡ ಮಿಸ್. ಒಂದ್ಸಲ ಕಡಲು ತೋರಿಸ್ಬುಡಿ. ಮದ್ವೆಯಾಗಿ ಇಲ್ಲಿಗೆ ಬಂದೆ, ರೋಡ್ನಾಗೆ ಓಗೋ ಬಸ್ಸೆಲ್ಲ ನೋಡ್ತೀನಿ, ನಾನೇ ಎಲ್ಲೂ ಓಗಿಲ್ಲ."

ಮೊನ್ನೆ ಮಾಘದಲ್ಲಿ ಹೋದೆವು. ನಾನು, ಅವಳು, ಪಿ.ಟಿ. ಮಿಸ್. ಹೋಟೆಲನ್ನು ಅವಳ ಓರಗಿತ್ತಿ ನೋಡಿಕೊಂಡಳು. ಹಾಸನದಿಂದ ರೈಲು. ಪ್ಲಾಟ್‌ಫಾರಮ್ಮಿನ ತುದಿಯ ಹಳದಿ ಬೋರ್ಡಿನಲ್ಲಿ ಊರಿನ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎತ್ತರ ಎಂದು ಬರೆದಿರುತ್ತದಲ್ಲ, ನಾವೆಲ್ಲ ಹುಟ್ಟಿದಾಗಿನಿಂದ ನೋಡಿ ಓದದೇ ಬಿಟ್ಟದ್ದು, ಅದರ ಮುಂದೆ ಅವಳು ನಿಂತುಬಿಟ್ಟಳು.

"ಕಡಲು ಏರ್ತಾ ಐತೆ ಅಂದ್ರಲ್ಲ ಮಿಸ್. ಅಂಗಾರೆ ಈ ಬೋರ್ಡು ಮತ್ತೆ ಬರೀಬೇಕಲ್ಲ?"

"ಬರೀಬೇಕು. ಆದರೆ ಇಷ್ಟು ಬೇಗ ಅಲ್ಲ."

"ಎಮ್ಮೆ ಜೊತೇಲೇ ಎದ್ರೆ ಬರೆಯೋದೇ ಬ್ಯಾಡ," ಅಂದಳು ಪಿ.ಟಿ. ಮಿಸ್. ಅಷ್ಟರಲ್ಲಿ ಅವಳಿಗೂ ಪಾಠ ಹತ್ತಿತ್ತು.

ಉಡುಪಿ ಕಡೆಯ ಒಂದು ದಡಕ್ಕೆ ಹೋದೆವು, ಮರಳಿಗಿಂತ ಬಂಡೆ ಹೆಚ್ಚಿರುವ ಕಡೆ. ಮೊದಲ ಸಲ ಕಡಲು ನೋಡಿದವರು ಕೂಗುತ್ತಾರೆ, ಅಳುತ್ತಾರೆ, ಸೀರೆ ಎತ್ತಿ ನೀರಿಗೆ ಓಡುತ್ತಾರೆ. ಅವಳು ಅದ್ಯಾವುದನ್ನೂ ಮಾಡಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, ಕೆರೆ ಎಷ್ಟು ತುಂಬಿದೆ ಎಂದು ನೋಡುವವರ ಹಾಗೆ, ಈ ತುದಿಯಿಂದ ಆ ತುದಿಗೆ ನೋಡಿದಳು. ಆಮೇಲೆ ತನ್ನ ಚೀಲದಿಂದ ಸುತ್ತಿಟ್ಟ ಒಂದು ಪೈಪು ತೆಗೆದಳು. ಗಾರೆ ಕೆಲಸದವರು ಮನೆ ಕಟ್ಟುವಾಗ ಮಟ್ಟ ನೋಡುತ್ತಾರಲ್ಲ, ನೀರು ತುಂಬಿಸಿ ಎರಡು ತುದಿ ಎತ್ತಿ ಹಿಡಿಯುವ ಆ ಗಾಜಿನಂಥ ಪೈಪು, ಅದು. ಹೋಟೆಲಿಗೆ ಹಿಂದುಗಡೆ ರೂಮು ಕಟ್ಟಿಸಿದಾಗ ಉಳಿದದ್ದಂತೆ.

"ಇದ್ಯಾಕೆ ತಂದೆ?"

"ಗೆರೆ ಓರೆ ಐತೋ ಮಟ್ಟ ಐತೋ ನೋಡಾಕೆ."

ಬಂಡೆಯ ಮೇಲೆ, ನೀರಿಗಿಂತ ಮೇಲಕ್ಕೆ, ಸಣ್ಣ ಚಿಪ್ಪುಗಳು ಅಂಟಿದ ಬಿಳಿ ಪಟ್ಟಿಯೊಂದಿತ್ತು. ಅದು ಭರತ ಇಳಿತದ ಗೆರೆ, ದಿನಕ್ಕೆರಡು ಸಲ ನೀರು ಅಲ್ಲಿಗೆ ಬಂದು ಹೋಗುತ್ತದೆ, ಹಳೆಯ ದಡವಲ್ಲ ಎಂದೆ. "ಆಗ್ಲಿ, ಮೊದ್ಲು ಇದು ಕಲಿಯಾನ," ಎಂದಳು. ಪಿ.ಟಿ. ಮಿಸ್ ಒಂದು ತುದಿ ಹಿಡಿದಳು, ಅವಳು ಬಂಡೆಯ ಆ ಬದಿಗೆ ಹೋಗಿ ಇನ್ನೊಂದು ತುದಿ ಹಿಡಿದಳು, ನಾನು ನಡುವೆ ನಿಂತು ಎಡಕ್ಕೂ ಬಲಕ್ಕೂ ನೋಡಿ ಕೂಗಬೇಕು. ದಡದಲ್ಲಿ ಬಲೆ ಒಣಹಾಕುತ್ತಿದ್ದವರು ಕೆಲಸ ಬಿಟ್ಟು ನೋಡುತ್ತಿದ್ದರು.

"ಸಮ ಇದೆ!" ಎಂದು ಕೂಗಿದೆ.

"ಸಮ ಅಂದ್ರೆ ನೀರು! ಇಲ್ಲಿ ಎಮ್ಮೆ ಎದ್ದಿಲ್ಲ ಮಿಸ್!"

ಆಮೇಲೆ ಇನ್ನೂ ಮೇಲೆ, ನಮ್ಮ ತಲೆಯೆತ್ತರದಲ್ಲಿ, ಬಂಡೆಗೆ ಮೆಟ್ಟಿಲು ಕಡಿದ ಹಾಗೆ ಚಪ್ಪಟೆಯಾದ ಒಂದು ಜಗುಲಿ ಕಂಡಿತು. ಈಗಿನ ಯಾವ ಅಲೆಯೂ ಅಲ್ಲಿಗೆ ಹತ್ತಲಾರದು. ಹಳೆಯ ಕಡಲಿನ ಕೆಲಸ ಇರಬಹುದು, ಇಲ್ಲದೆಯೂ ಇರಬಹುದು. "ನಾನು ಬರೀ ಸ್ಕೂಲ್ ಮಿಸ್ಸಮ್ಮ, ಇದಕ್ಕೆ ತಿಳಿದವರು ಬೇಕು," ಎಂದೆ. ಹಾಗೆ ಹೇಳಿದ್ದು ನನಗೇ ಹಗುರ ಅನಿಸಿತು. ಅವತ್ತು ಇನ್‌ಸ್ಪೆಕ್ಟರ್ ಮುಂದೆ ಇಷ್ಟು ಹೇಳಿದ್ದರೆ ಸಾಕಿತ್ತು. ಆ ಜಗುಲಿಯನ್ನೂ ಅವಳು ಅಳೆದಳು. ಇಪ್ಪತ್ತು ಅಡಿಗೆ ಏನೂ ಗೊತ್ತಾಗುವುದಿಲ್ಲ, ಮೈಲುಗಟ್ಟಲೆ ಹೋಗಬೇಕು ಎಂದೆ.

"ಅಂಗಾರೆ ಉದ್ದದ ಪೈಪು ತರ್ಬೇಕು," ಎಂದಳು, ನಗದೆ.

ಅಲ್ಲಿಂದ ಬಂದು ನಾಲ್ಕು ತಿಂಗಳಾಯಿತು. ನನ್ನ ಮಂಡಿ ಆಪರೇಷನ್ ಆಗಿ ನಾನು ಮನೆ ಬಿಟ್ಟು ಹೋಗಿಲ್ಲ, ಅವಳಿಗೆ ಹೋಟೆಲು ಬಿಟ್ಟು ಬರಲಾಗಿಲ್ಲ. ವಾರಕ್ಕೊಮ್ಮೆ ಫೋನು ಬರುತ್ತದೆ, ಬರೀ ಡೌಟುಗಳು. ನಮ್ಮ ಘಟ್ಟವೂ ಹೀಗೇ ಎದ್ದದ್ದಾ? ಹವಳಕ್ಕೆ ನೀರಿನ ಮಟ್ಟ ಹೆಂಗೆ ಗೊತ್ತಾಯ್ತದೆ? ಅರ್ಧಕ್ಕೆ ನನಗೆ ಉತ್ತರ ಗೊತ್ತಿರುವುದಿಲ್ಲ, ಗೊತ್ತಿಲ್ಲ ಎಂದೇ ಹೇಳುತ್ತೇನೆ. ಪುಸ್ತಕ ತರಿಸಿಕೊಂಡು ಓದುತ್ತಿದ್ದೇನೆ, ಈ ವಯಸ್ಸಿಗೆ, ಪೆನ್ಸಿಲ್ಲಿನಲ್ಲಿ ಗೆರೆ ಹಾಕಿಕೊಂಡು.

ಅವಳನ್ನು ಕೊನೆಯ ಸಲ ನೋಡಿದ್ದು ಕಡಲಿನಿಂದ ವಾಪಸ್ಸು ಬಂದ ಆ ಸಂಜೆ, ಹಾಸನದ ಬಸ್ ಸ್ಟ್ಯಾಂಡಿನಲ್ಲಿ. ಚನ್ನರಾಯಪಟ್ಟಣದ ಬಸ್ಸು ಹೊರಡುವುದರಲ್ಲಿತ್ತು. ಅವಳ ಚೀಲದ ತುಂಬಾ ಚಿಪ್ಪು ಸೇರಿಕೊಂಡಿದ್ದರಿಂದ ಪೈಪು ಹಿಡಿಸದೆ, ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡಿದ್ದಳು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು, ಸೀರೆಯಂಚಿನಲ್ಲಿ ಉಪ್ಪು ಒಣಗಿ ಬಿಳಿ ಗೆರೆ ಕೂತಿತ್ತು. ಮೆಟ್ಟಿಲು ಹತ್ತುವಾಗ ಕಂಡಕ್ಟರು ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಏನಕ್ಕ ಇದು, ಪೈಪ್ ಗೀಪು? ಎಲ್ಲಿಗೋಗಿದ್ದೆ, ಪ್ಲಂಬರ್ ಕೆಲಸಕ್ಕಾ?"

"ಇಲ್ಲ ಕಣಣ್ಣ," ಎಂದಳು ಅವಳು, ಇಡೀ ಬಸ್ಸಿಗೆ ಕೇಳುವ ಹಾಗೆ. "ಕಡಲು ಮಟ್ಟ ನೋಡ್ಕೊಂಡು ಬಂದೆ. ಸರಿಯಾಗೈತೆ. ರೈಟ್ ಅನ್ನು."